ಕೆಂಪು ಕಣ್ಣಿಗೆ ಚಪ್ಪಾಳೆ ಹೊಡೆಸಿದ ಸರ್

ಸರ್ ಅವರ ಹುಬ್ಬುಗಳು ಯಾವಾಗಲೂ ಬೆಳ್ಳಗಿರುತ್ತಿದ್ದವು. ವಯಸ್ಸಾಗಿ ಅಲ್ಲ, ಲೆಕ್ಕ ಬಿಡಿಸುತ್ತ ನಡುವೆ ಯೋಚನೆಗೆ ಬಿದ್ದರೆ ಚಾಕ್‌ಪೀಸು ಹಿಡಿದ ಕೈಯಿಂದಲೇ ಹಣೆ ತಿಕ್ಕಿಕೊಳ್ಳುವ ಚಟ ಅವರಿಗೆ. ಮಧ್ಯಾಹ್ನದ ನಮಾಜಿಗೆಂದು ನಳದ ಹತ್ತಿರ ಮುಖ ತೊಳೆದುಕೊಂಡಾಗ ಮಾತ್ರ ಆ ಹುಬ್ಬುಗಳು ಕಪ್ಪು ಎಂದು ನಮಗೆ ಗೊತ್ತಾಗುತ್ತಿತ್ತು.

ಇಂಡಿ ಊರಿನ ನಮ್ಮ ಹೈಸ್ಕೂಲಿನಲ್ಲಿ ಅವರು ಗಣಿತ ಕಲಿಸುತ್ತಿದ್ದರು. ನನಗಿಂತ ಕೆಲವು ವರ್ಷ ಮೊದಲು ನನ್ನ ಅಕ್ಕನಿಗೂ ಅವರೇ ಕಲಿಸಿದ್ದರು. ಆದರೆ ಅಕ್ಕನ ಕಾಲದ ಸರ್ ಬೇರೆ. ಪರೀಕ್ಷೆ ಹತ್ತಿರ ಬಂತೆಂದರೆ ಬೆಳಿಗ್ಗೆ ವರ್ಗಕ್ಕೆ ಬಂದವರೇ, “ಯಾರ ಕಣ್ಣು ಕೆಂಪ ಆಗ್ಯಾವು, ಎದ್ದ ನಿಂದರ್ರಿ” ಎನ್ನುತ್ತಿದ್ದರಂತೆ. ರಾತ್ರಿಯೆಲ್ಲ ಓದಿ ಬಂದು ನಿಂತವರಿಗೆ ಉಳಿದವರು ಚಪ್ಪಾಳೆ ಹೊಡೆಯಬೇಕು. “ನಿದ್ದಿ ಏನು, ಪರೀಕ್ಷಾ ಮುಗದ ಮ್ಯಾಲೂ ಸಿಗತೈತಿ” ಎಂಬುದು ಆಗಿನ ಅವರ ಮಾತು. ಹೊರ್ತಿಯ ದ್ರಾಕ್ಷಿ ತೋಟಗಳಲ್ಲಿ ಹಗಲೆಲ್ಲ ದುಡಿದು, ರಾತ್ರಿ ಓದಿ ಮೇಲೆ ಬಂದವರು ಅವರು. ತಾವು ಬಂದ ದಾರಿಯೊಂದೇ ದಾರಿ ಎಂದು ನಂಬಿದ್ದರು.

ಎಲ್ಲರಿಗಿಂತ ಹೆಚ್ಚು ಚಪ್ಪಾಳೆ ಬಿದ್ದದ್ದು ಅಕ್ಕನಿಗೆ. ಅಪ್ಪನದು ನಿಂಬೆಹಣ್ಣಿನ ವ್ಯಾಪಾರ. “ಮಾರ್ಕ್ಸ್ ಚಲೋ ಬಂದ್ರ ವಿಜಯಪುರಕ್ಕ ಸೈನ್ಸ್ ಓದಾಕ ಕಳಸ್ತೇನಿ” ಎಂದು ಮಾತು ಕೊಟ್ಟಿದ್ದರು. ಅಕ್ಕನಿಗೆ ಅಷ್ಟು ಸಾಕಾಗಿತ್ತು. ಹತ್ತನೆಯ ವರ್ಗದ ಗಣಿತ ಪರೀಕ್ಷೆಯ ಹಿಂದಿನ ರಾತ್ರಿ ಅವಳು ಮಲಗಲೇ ಇಲ್ಲ. ಬರುತ್ತಿದ್ದ ಲೆಕ್ಕಗಳನ್ನೇ ಮತ್ತೆ ಮತ್ತೆ ಬಿಡಿಸುತ್ತ ಬೆಳಗು ಮಾಡಿದಳು.

ಪರೀಕ್ಷೆಯಲ್ಲಿ ಮೊದಲೆರಡು ಪುಟ ಬರೆದಳಂತೆ. ಆಮೇಲೆ ಒಂದು ಸೂತ್ರ ನೆನಪಿಗೆ ಬರಲೊಲ್ಲದು. ದಿನಾ ಬಾಯಲ್ಲಿ ಆಡುತ್ತಿದ್ದ ಸೂತ್ರ. ಕಣ್ಣು ಮುಚ್ಚಿ ನೆನಪು ಮಾಡಿಕೊಳ್ಳೋಣವೆಂದು ಡೆಸ್ಕಿನ ಮೇಲೆ ತಲೆಯಿಟ್ಟಳು. ಬರೆದು ಮುಗಿಸಿ ಕೂತಿದ್ದಾಳೆ ಎಂದುಕೊಂಡರೋ ಏನೋ, ಮೇಲ್ವಿಚಾರಕರು ಎಬ್ಬಿಸಲಿಲ್ಲ. ಎಚ್ಚರವಾದಾಗ ಪಕ್ಕದ ಹುಡುಗಿ ಎದ್ದು ಹೋಗಿದ್ದಳು, ಉತ್ತರಪತ್ರಿಕೆ ತೆಗೆದುಕೊಳ್ಳಲು ಮೇಲ್ವಿಚಾರಕರು ಎದುರಿಗೆ ಕೈ ಚಾಚಿದ್ದರು.

ಫಲಿತಾಂಶ ಬಂದ ದಿನ ಸರ್ ನಮ್ಮ ಮನೆಗೆ ಬಂದರು. ಅಕ್ಕ ಗಣಿತದಲ್ಲಿ ಜಸ್ಟ್ ಪಾಸ್.

“ಆಕಿ ಶಾಣ್ಯಾ ಅದಾಳ್ರಿ. ಸೈನ್ಸ್‌ಗೆ ಕಳಸ್ರಿ. ತಪ್ಪು ಆಕಿದಲ್ಲ, ನಂದು. ನಾನ ಆಕಿನ ಮಲಗಾಕ ಬಿಡಲಿಲ್ಲ” ಎಂದರು.

ಅಪ್ಪ ತಲೆ ಅಲ್ಲಾಡಿಸಿದರು. “ಇಷ್ಟು ಮಾರ್ಕ್ಸಿಗೆ ಊರು ಬಿಡಸಿ ಯಾಕ ಕಳಸ್ಲಿರಿ? ಇಲ್ಲೇ ಆರ್ಟ್ಸ್ ಓದ್ಲಿ.”

ಸರ್ ಚಪ್ಪಲಿ ಹುಡುಕುವವರಂತೆ ನೆಲ ನೋಡುತ್ತ ಹೊರಟು ಹೋದರು. ಅಕ್ಕ ಇಲ್ಲೇ ಓದಿದಳು, ಮಸೂತಿ ಎಂಬ ಊರಿಗೆ ಸೊಸೆಯಾಗಿ ಹೋದಳು.

ನಾನು ಹತ್ತನೆಯ ವರ್ಗಕ್ಕೆ ಬರುವ ಹೊತ್ತಿಗೆ ಕೆಂಪು ಕಣ್ಣಿನವರನ್ನು ಕಂಡರೆ ಸರ್ ಹಿಂದಿನ ಬೆಂಚಿಗೆ ಕಳಿಸಿ, ತಮ್ಮದೇ ಪಿರಿಯಡ್ಡಿನಲ್ಲಿ ಮಲಗಿಸುತ್ತಿದ್ದರು. ನಮ್ಮ ಗೆಳೆಯನೊಬ್ಬನ ಅಪ್ಪ, ಟೆಂಪೋ ಓಡಿಸುವವರು, ಜಗಳಕ್ಕೇ ಬಂದರು. “ಸಾಲಿಗೆ ನಾ ಹುಡುಗನ್ನ ಮಲಗಾಕ ಕಳಸೇನೇನ್ರಿ?”

“ಮನ್ಯಾಗ ಮಲಗಿಸಿ ಕಳಸ್ರಿ, ಇಲ್ಲಿ ನಾ ಕಲಸ್ತೇನಿ” ಎಂದರು ಸರ್. ಆಮೇಲೆ ದನಿ ತಗ್ಗಿಸಿ, “ಟೆಂಪೋದ ಸ್ಟೇರಿಂಗ್ ನಿದ್ದಿಗಣ್ಣಿನಾಗ ಹಿಡೀತೀರೇನು? ಮತ್ತ ಹುಡುಗನ ಕೈಯಾಗ ಪೆನ್ ಯಾಕ ಕೊಡ್ತೀರಿ?” ಎಂದು ಕೇಳಿದರು.

ನಮಗೂ ಸುಲಭಕ್ಕೆ ತಿಳಿಯುತ್ತಿರಲಿಲ್ಲ. ಮೊಬೈಲಿನಲ್ಲಿ ಗೆಳೆಯರೆಲ್ಲ ಎಚ್ಚರವಿರುವುದು ಕಂಡರೆ ಮಲಗಲು ಭಯ. “ಹಗಲಿ ಕಲತದ್ದು ತಲ್ಯಾಗ ಕುಂದ್ರಬೇಕಂದ್ರ ರಾತ್ರಿ ನೀವು ಮಲಕೋಬೇಕು. ರಾತ್ರಿ ಇಡೀ ಸುರಕೋಂತ ಹೋದ್ರ ಎಲ್ಲಾ ಚೆಲ್ಲತೈತಿ” ಎಂದು ಅವರು ದಿನಾ ಹೇಳಬೇಕಾಗುತ್ತಿತ್ತು.

ಗಣಿತ ಪರೀಕ್ಷೆಯ ಮುನ್ನಾದಿನ ಹೊತ್ತು ಮುಳುಗುವಾಗ ಹಳೆಯ ಸ್ಕೂಟರಿನಲ್ಲಿ ಮನೆಮನೆಗೆ ಬರುತ್ತಿದ್ದರು. ನನ್ನ ಪರೀಕ್ಷೆಯ ವರ್ಷ, ಬೇರೆಯವರ ಮನೆಯೊಳಗೆ ಕೂತು ಮಾತಾಡಿ ಬಂದವರು ನಮ್ಮ ಬಾಗಿಲಲ್ಲಿ ಸ್ಕೂಟರಿನಿಂದ ಇಳಿಯಲೇ ಇಲ್ಲ. “ಮೊಬೈಲ್ ಅಪ್ಪನ ಕೈಯಾಗ ಕೊಟ್ಟು ಲಗೂನ ಮಲಕೋ” ಎಂದು ನನಗೆ ಹೇಳಿದರು. ಬಾಣಂತನಕ್ಕೆ ಬಂದಿದ್ದ ಅಕ್ಕ ಒಳಗೆ ಚಹಾಕ್ಕಿಟ್ಟಿದ್ದಳು. ಅವಳು ಕಪ್ಪು ಹಿಡಿದು ಹೊರಬರುವಷ್ಟರಲ್ಲಿ ಸ್ಕೂಟರು ಓಣಿ ದಾಟಿತ್ತು. ಆ ರಾತ್ರಿ ಅಕ್ಕ ನನ್ನ ಕೋಣೆಯ ದೀಪ ತಾನೇ ಆರಿಸಿದಳು.

ನಾನು ಚೆನ್ನಾಗಿ ಮಲಗಿ ಎದ್ದು, ಚೆನ್ನಾಗಿ ಬರೆದೆ. ಅಕ್ಕ ಓದಬೇಕೆಂದಿದ್ದ ವಿಜ್ಞಾನ ಓದಿದೆ. ಈಗ ಸಿಂದಗಿಯ ಕಾಲೇಜೊಂದರಲ್ಲಿ ಅದನ್ನೇ ಕಲಿಸುತ್ತೇನೆ. ನನಗೆ ಸಿಕ್ಕ ಸರ್ ಅಕ್ಕನಿಗೆ ಸಿಕ್ಕಿರಲಿಲ್ಲ. ಅವಳಿಗೆ ಹಾಗಾಗದಿದ್ದರೆ ನನಗೂ ಸಿಗುತ್ತಿರಲಿಲ್ಲ. ಇದನ್ನು ನೆನೆದಾಗಲೆಲ್ಲ ನನ್ನ ಓದು ನನಗೆ ಪೂರ್ತಿ ನನ್ನದೆನಿಸುವುದಿಲ್ಲ.

ಹೋದ ವರ್ಷ ಸರ್ ತೀರಿಕೊಂಡರು. ಫೋನಿನಲ್ಲಿ ಹೇಳಿದಾಗ ಅಕ್ಕ ಮಸೂತಿಯಿಂದ ಮೊದಲ ಬಸ್ಸಿಗೆ ಬಂದಳು. ಸರ್ ಅವರ ಹೆಂಡತಿಯ ಪಕ್ಕ ಕೂತು ಹೇಳಿದಳು.

“ನಾ ಅವರ ಹೆಸರು ಕೆಡಿಸಿದೆ ಅಂತ ಸಿಟ್ಟಾಗಿ ಸರ್ ನಮ್ಮ ಮನಿಗೆ ಬರೂದು ಬಿಟ್ಟಾರ ಅಂತ ತಿಳಕೊಂಡಿದ್ದೆನ್ರಿ.”

“ಇಲ್ಲವ್ವಾ” ಎಂದರು ಆಕೆ, ಅಕ್ಕನ ಕೈ ಹಿಡಿದು. “ನಿನ್ನ ಮಾರಿ ನೋಡಾಕ ಅಂಜತಿದ್ರು. ಒಂದ್ ಸಲ ನಿನ್ನ ಮಾತಾಡಸ್ತೇನಿ ಅಂತ ಮಸೂತಿ ತನಕಾ ಬಂದು, ಬಸ್ ಸ್ಟ್ಯಾಂಡಿನ್ಯಾಗ ಕುಂತು, ಹಂಗ ಹೊಳ್ಳಿ ಬಂದ್ರು.”

ವಾಪಸ್ಸು ಬಸ್ಸು ಹತ್ತಿಸಲು ಹೋದಾಗ ಅಕ್ಕ ನನ್ನ ಕಡೆ ನೋಡದೆ ಹೇಳಿದಳು: “ಸ್ಟ್ಯಾಂಡಿನಿಂದ ಎದ್ದು ನಾಕ ಹೆಜ್ಜಿ ಬಂದಿದ್ರ ಸಾಕಿತ್ತಪ್ಪಾ. ಯಾರನ್ನ ಕೇಳಿದ್ರೂ ನನ್ನ ಮನಿ ತೋರಸ್ತಿದ್ರು.”