ಕಾಯಿಲೆಗಳ ಕೋಡು ಕಾಯುವ ಅಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಕ್ಲಿನಿಕ್ಕಿನ ಮುಂಬಾಗಿಲು ಮುಚ್ಚಿದೆ. ಹಿಂದಿನ ಚಿಕ್ಕ ಕೋಣೆಯಲ್ಲಿ ಮಾತ್ರ ದೀಪ. ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿಕೊಂಡು ಕಂಪ್ಯೂಟರಿನ ಮುಂದೆ ಕೂತಿರುವ ಹೆಂಗಸನ್ನು ಇಲ್ಲಿ ಎಲ್ಲರೂ ಕರೆಯುವುದು ಕೋಡಕ್ಕ ಎಂದೇ. 'ಹೆಸರಲ್ಲಷ್ಟೇ ಕೋಡು. ತಲೆ ಮೇಲೆ ಇನ್ನೂ ಮೂಡಿಲ್ಲ' ಎಂದು ಅವರೇ ನಗುತ್ತಾರೆ.

ಡಾಕ್ಟರು ಗುರುತಿಸಿದ ಪ್ರತಿ ಕಾಯಿಲೆಗೂ ಅಕ್ಷರ, ಅಂಕಿ ಸೇರಿದ ಒಂದು ಕೋಡು ಇರುತ್ತದೆ. ವಿಮೆಯವರು, ದೊಡ್ಡಾಸ್ಪತ್ರೆಯವರು, ಸರಕಾರದವರು ಓದುವುದು ಅದನ್ನೇ. ಆ ಕೋಡುಗಳ ಪಟ್ಟಿ ವರ್ಷವರ್ಷವೂ ಬದಲಾಗುತ್ತದೆ. ಕೆಲವು ರದ್ದಾಗುತ್ತವೆ, ಒಂದಿದ್ದದ್ದು ನಾಲ್ಕಾಗಿ ಒಡೆಯುತ್ತದೆ. ಬದಲಾದದ್ದನ್ನು ಓದಿ ಅರಗಿಸಿಕೊಂಡು, ಕ್ಲಿನಿಕ್ಕಿನ ಸಾವಿರಾರು ರೋಗಿಗಳ ದಾಖಲೆಗೆ ಹೊಂದಿಸುವುದು ಕೋಡಕ್ಕನ ಕೆಲಸ. ಬೆಳಗ್ಗೆ ಕ್ಲಿನಿಕ್ಕು ತೆರೆದು ಫೋನು ಬಡಿದುಕೊಳ್ಳುವ ಮುನ್ನವೇ ಅದು ಸಾಗಬೇಕು.

ಮೊದಲು ಅವರು ಇದೇ ಕ್ಲಿನಿಕ್ಕಿನ ಮುಂದಿನ ಕೌಂಟರಿನಲ್ಲಿದ್ದರು. ರೋಗಿಗಳ ಹೆಸರು ಕೂಗಿದರೆ ಬೀದಿಗೂ ಕೇಳುತ್ತಿತ್ತಂತೆ. ಗಂಟಲಿನ ಆಪರೇಷನ್ ಆದಮೇಲೆ ದನಿ ಪಿಸುಮಾತಿನಷ್ಟಕ್ಕೆ ಇಳಿಯಿತು. 'ಇನ್ನು ಮನೆಗೆ ಹೋಗು ಅಂತಾರೆ ಅಂದ್ಕೊಂಡೆ. ನಾನೇ ಡಾಕ್ಟ್ರ ಹತ್ರ ಹೋಗಿ, ಕೂಗೋ ಕೆಲಸ ಆಗಲ್ಲ, ಓದೋ ಕೆಲಸ ಕೊಡಿ ಅಂದೆ. ಮೊದಮೊದಲು ತಲೆಬುಡ ಅರ್ಥ ಆಗ್ತಿರಲಿಲ್ಲ. ಅಡುಗೆ ಮಾಡ್ತಾನೂ ಆ ಕೋಡುಗಳನ್ನೇ ಗುನುಗ್ತಿದ್ದೆ.' ಕೆಲಸ ಕೈಗೆ ಹತ್ತಲು ಎರಡು ವರ್ಷ ಹಿಡಿಯಿತು.

ಈ ವರ್ಷದ ಪಟ್ಟಿಯಲ್ಲಿ, ಪ್ರಜ್ಞೆ ತಪ್ಪಿ ಬೀಳುವುದಕ್ಕಿದ್ದ ಹಳೆಯ ಕೋಡೊಂದು ರದ್ದಾಯಿತು. ಮೂರ್ಛೆರೋಗಕ್ಕೆ ಒಂದು, ಬರೀ ತಲೆಸುತ್ತಿ ಬಿದ್ದವರಿಗೆ ಇನ್ನೊಂದು ಎಂದು ಹೊಸದಾಗಿ ಎರಡು ಬಂದವು. ಕಂಪ್ಯೂಟರು ಹಳೆಯ ಕೋಡಿನಲ್ಲಿದ್ದ ಎಲ್ಲರನ್ನೂ ಸಾರಾಸಗಟಾಗಿ ಮೂರ್ಛೆರೋಗದ ಕಡೆಗೇ ತಳ್ಳಲು ಸಿದ್ಧವಾಗಿತ್ತು. ಕೋಡಕ್ಕ ಒಪ್ಪಿಗೆಯ ಗುಂಡಿ ಒತ್ತಲಿಲ್ಲ. ಒಬ್ಬೊಬ್ಬರ ಟಿಪ್ಪಣಿಯನ್ನೂ ತೆರೆದು ಓದತೊಡಗಿದರು.

ಅದರಲ್ಲೊಬ್ಬರು ಬಸ್ ಚಾಲಕ. ಹಿಂದೊಮ್ಮೆ ಬಿಸಿಲಿನ ಝಳಕ್ಕೆ ಕುಸಿದಿದ್ದರು, ಅಷ್ಟೇ. ಪಟ್ಟಿ ಬದಲಾದ ಮರುವಾರವೇ ಅವರ ಲೈಸೆನ್ಸಿಗಾಗಿ ವೈದ್ಯಕೀಯ ತಪಾಸಣೆಯಿತ್ತು. ದಾಖಲೆಯಲ್ಲಿ ಮೂರ್ಛೆರೋಗ ಎಂದಿದ್ದರೆ ಸ್ಟೀರಿಂಗ್ ಕೈತಪ್ಪುತ್ತಿತ್ತು.

ಕೋಡಕ್ಕ ನೇರ ಡಾಕ್ಟರ ಕೋಣೆಗೆ ಹೋದರು. 'ಇವರದ್ದು ಯಾವುದು ಸರ್? ನೀವೇ ಹೇಳ್ಬೇಕು.'

ಡಾಕ್ಟರು ಊಟದ ಡಬ್ಬಿ ಪಕ್ಕಕ್ಕಿಟ್ಟು ಹಳೆಯ ಪರೀಕ್ಷೆಗಳನ್ನೆಲ್ಲ ಮತ್ತೆ ನೋಡಿದರು. 'ಇದು ಮೂರ್ಛೆರೋಗ ಅಲ್ವೇ ಅಲ್ಲ. ಬನ್ನಿ, ಉಳಿದವರದ್ದೂ ನೋಡಿಬಿಡೋಣ.'

ಆ ವಾರವಿಡೀ ಇಬ್ಬರೂ ಊಟದ ಹೊತ್ತಿನಲ್ಲಿ ಜೊತೆಗೆ ಕೂತರು. ನಿಜಕ್ಕೂ ಮೂರ್ಛೆರೋಗವಿದ್ದ ಒಬ್ಬ ಅಜ್ಜಿಯನ್ನು ಆ ಕೋಡಿನಲ್ಲೇ ಉಳಿಸಿದ್ದರಿಂದ ಅವರ ಔಷಧಿ ತಪ್ಪಲಿಲ್ಲ. ಚಾಲಕರ ಲೈಸೆನ್ಸ್ ಉಳಿಯಿತು.

'ಕಾಯಿಲೆ ಯಾವುದು ಅಂತ ಹೇಳೋರು ಡಾಕ್ಟ್ರು. ಅವರು ಹೇಳಿದ್ದೇ ದಾಖಲೆಯಲ್ಲಿ ಕೂತಿದೆಯಾ ಅಂತ ನೋಡೋಳು ನಾನು. ಅದರಲ್ಲಿ ಮಾತ್ರ ನಾನು ಯಾರಿಗೂ ಬಗ್ಗೋದಿಲ್ಲ' ಎನ್ನುತ್ತಾರೆ ಕೋಡಕ್ಕ.

ಸೊಸೆಯ ಕೆಲಸ ಏನೆಂದು ಅವರ ಅತ್ತೆಗೆ ಇಷ್ಟು ವರ್ಷ ತಲೆಗೇ ಹತ್ತಿರಲಿಲ್ಲ. ಯಾರಾದರೂ ಕೇಳಿದರೆ 'ಏನೋ, ಕಂಪ್ಯೂಟರ್ ಕುಟ್ತಾಳೆ' ಎನ್ನುತ್ತಿದ್ದರು. ಯಾರ ಹೆಸರೂ ಎತ್ತದೆ ಕೋಡಕ್ಕ ಅವರಿಗೆ ಈ ಸಲದ ಕಥೆ ಹೇಳಿದರು.

'ಮೊನ್ನೆ ಅತ್ತೆ ಪಕ್ಕದ ಮನೆಯವರಿಗೆ ಹೇಳ್ತಿದ್ರು, ನಮ್ಮ ಸೊಸೆ ಇಲ್ಲದ ಕಾಯಿಲೇನ ಜನರಿಗೆ ಅಂಟೋಕೆ ಬಿಡಲ್ಲ ಅಂತ. ನಾನು ಚಪ್ಪಲಿ ಬಿಡೋ ನೆಪದಲ್ಲಿ ಬಾಗಿಲಲ್ಲೇ ನಿಂತು ಪೂರ್ತಿ ಕೇಳಿಸ್ಕೊಂಡೆ.'