ಬ್ಯಾಟರಿ ಅಕ್ಕ ಮತ್ತು ಅಮಾವಾಸ್ಯೆಗೆ ಕೆಡುವ ಕಂಪ್ಯೂಟರ್

ಅವರ ಸೀರೆಗಳಲ್ಲಿ ತೂತಿಲ್ಲದ್ದನ್ನು ನಾನು ನೋಡಿಲ್ಲ. ಮೊಣಕಾಲಿನಿಂದ ಕೆಳಗೆ ಸಾಸಿವೆ ಕಾಳಿನಷ್ಟು ಸಣ್ಣ ತೂತುಗಳು, ಬ್ಯಾಟರಿಯ ಆಸಿಡ್ ಸಿಡಿದು ಆದವು. ಮದುವೆಗೆಂದು ತೆಗೆದಿಟ್ಟ ಇಳಕಲ್ ಸೀರೆಯಲ್ಲೂ ಎರಡು ಮೂರು ಇವೆ. ಕೇಳಿದರೆ, "ಹೊರಡೂ ಮುಂದ ಒಬ್ಬಾಂವ ಟ್ರ್ಯಾಕ್ಟರ್ ತಂದು ನಿಲ್ಲಿಸಿದ್ನರಿ, ಏನ್ಮಾಡ್ಲಿ" ಎಂದು ನಗುತ್ತಾರೆ. ಅವರ ಬ್ಯಾಟರಿ ಅಂಗಡಿಯ ಪಕ್ಕದಲ್ಲೇ ಗಂಡನ ಟೇಲರ್ ಅಂಗಡಿ. ಹೆಂಡತಿಯ ಸೀರೆ ರಫೂ ಮಾಡುವುದನ್ನು ಆತ ಎಂದೋ ಕೈಬಿಟ್ಟಿದ್ದಾರೆ.

ಶಿಗ್ಗಾಂವಿಯಲ್ಲಿ ಅವರಿಗೆ ಬ್ಯಾಟರಿ ಅಕ್ಕ ಎಂದೇ ಹೆಸರು. ತವರು ಹಂಸಭಾವಿ. ಬ್ಯಾಟರಿ ಚಾರ್ಜ್ ಮಾಡುತ್ತಿದ್ದ ಅಪ್ಪನ ಬಳಿ ಆಡುತ್ತಾಡುತ್ತಲೇ ಕಲಿತದ್ದು. ಅಂಗಡಿಗೆ ಯಾವ ಯಂತ್ರ ಬಂದರೂ ಅವರದು ಒಂದೇ ಪ್ರಶ್ನೆ: "ಇದು ದಿನಕ್ಕ ಎಷ್ಟು ಉಣ್ತೈತಿ?" ನಾನು ನಮ್ಮ ಶಾಲೆಯ ಅಂಗೈಯಗಲದ ಕಂಪ್ಯೂಟರನ್ನು ರುಮಾಲಿನಲ್ಲಿ ಸುತ್ತಿಕೊಂಡು ಹೋದಾಗಲೂ ಅದನ್ನೇ ಕೇಳಿದರು. ಬರೀ ಒಂದು ಹಸಿರು ಹಲಗೆ, ಅದರ ಮೇಲೆ ನಾಲ್ಕು ಕಿಂಡಿ. ತಿರುಗಿಸಿ ಮುರುಗಿಸಿ ನೋಡಿ, "ಪಾಪ, ಇದರ ಹೊಟ್ಟಿ ಗುಬ್ಬಿ ಹೊಟ್ಟಿ ಐತಿ. ಇದನ್ನೂ ಉಪವಾಸ ಕೆಡವ್ತೀರೇನ್ರಿ ಮಾಸ್ತರ್ರ" ಎಂದರು.

ಆ ಹಲಗೆಯ ಕಥೆ ಹೀಗಿದೆ. ನಾನು ದುಂಡಸಿಯಿಂದಾಚೆಗಿನ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವನು. ಲೈನಿನ ಕರೆಂಟನ್ನು ನೆಚ್ಚುವಂತಿರಲಿಲ್ಲವಾದ್ದರಿಂದ ಊರವರು ಪಟ್ಟಿ ಎತ್ತಿ ಶಾಲೆಯ ಮಾಳಿಗೆಗೆ ಒಂದು ಸೋಲಾರ್ ಪ್ಲೇಟು, ಕೆಳಗೊಂದು ಬ್ಯಾಟರಿ ಹಾಕಿಸಿದ್ದರು. ಹಳೆಯ ಟೀವಿಗೆ ಆ ಹಲಗೆ ಜೋಡಿಸಿ ಮಕ್ಕಳು ಊರಿನ ಹೊಲಗಳ ಹೆಸರನ್ನೆಲ್ಲ ಬರೆದಿಡತೊಡಗಿದರು. ಕುಂಟೆತ್ತಿನ ಹೊಲ, ಜಗಳದ ಪಟ್ಟಿ, ಸೊಸಿ ಎರಿ. ಹೆಸರು ಯಾಕೆ ಬಂತೆಂದು ಹಿರಿಯರನ್ನು ಕೇಳಿ ಬಂದು ಟೈಪ್ ಮಾಡುವುದು. ಆದರೆ ಬರೆಯುತ್ತಿರುವಾಗಲೇ ಕಂಪ್ಯೂಟರ್ ಫಕ್ಕನೆ ಆರುತ್ತಿತ್ತು, ಮೆಮೊರಿ ಕಾರ್ಡ್ ಕೆಟ್ಟು ಬರೆದದ್ದೆಲ್ಲ ಹೋಗುತ್ತಿತ್ತು. ಮೂರನೆಯ ಸಲ ಮಕ್ಕಳು ಮನೆ ಮನೆಗೆ ಹೋದಾಗ ಮುದುಕರು, "ಮೊನ್ನೆ ಹೇಳೇವಲ್ಲೋ, ದಿನಾ ಏನ್ ಹೇಳೂದು" ಎಂದು ಗದರಿಸಿ ಕಳಿಸಿದರು.

ವಿಚಿತ್ರವೆಂದರೆ ಅದು ಕೆಡುತ್ತಿದ್ದುದು ಪ್ರತಿ ಸಲವೂ ಅಮಾವಾಸ್ಯೆ ಕಳೆದ ಎರಡು ಮೂರು ದಿನಕ್ಕೆ. ಊರು ಅದನ್ನು ಗುರುತಿಸಲು ತಡಮಾಡಲಿಲ್ಲ. ಕೆಡಿಸುವುದು ಅಮಾವಾಸ್ಯೆಯೇ ಎಂದು ಮಕ್ಕಳೂ ನಂಬಿದರು. ನಮ್ಮ ಕಡೆ ಅಮಾವಾಸ್ಯೆಗೆ ಲಾರಿ, ಟ್ರ್ಯಾಕ್ಟರ್, ಅಂಗಡಿ ತಕ್ಕಡಿ ಎಲ್ಲಕ್ಕೂ ಪೂಜೆ ಆಗಬೇಕು. ಸೋಲಾರಿಗೂ ಆಗುತ್ತಿತ್ತು. ಮಾಡುತ್ತಿದ್ದವನು ನಾನೇ. ನಂಬಿದ್ದೆ ಎನ್ನಲಾರೆ, ಬಿಡುವ ಧೈರ್ಯವೂ ಇರಲಿಲ್ಲ. ಮೊದಲ ಸಲ ಕೆಟ್ಟ ಮೇಲೆ ಪೂಜೆ ಇನ್ನಷ್ಟು ಜೋರಾಯಿತು.

ಹೆಡ್‌ಮಾಸ್ತರರು ಕೊನೆಗೆ, "ಇನ್ನೊಮ್ಮೆ ಆರಿದ್ರ ಕಪಾಟಿನ್ಯಾಗ ಇಟ್ಟು ಕೀಲಿ ಹಾಕ್ತೇನಿ ನೋಡ್ರಿ" ಎಂದರು. ನಮ್ಮ ಶಾಲೆಯಲ್ಲಿ ಕಪಾಟಿಗೆ ಹೋದದ್ದು ತಿರುಗಿ ಬಂದದ್ದಿಲ್ಲ. ಸೂಕ್ಷ್ಮದರ್ಶಕ ಪ್ಲಾಸ್ಟಿಕ್ ಚೀಲದ ಸಮೇತ ಇಂದಿಗೂ ಒಳಗೇ ಇದೆ. ಮುಂದಿನ ಅಮಾವಾಸ್ಯೆ ಆಗಿ ಎರಡೇ ದಿನಕ್ಕೆ ಟೀವಿಯ ಪರದೆ ಮತ್ತೆ ಕಪ್ಪಾಯಿತು. ಹೆಡ್‌ಮಾಸ್ತರರು ಮೀಟಿಂಗಿಗೆ ಹೋಗಿದ್ದರು. ಅವರು ಬರುವುದರೊಳಗೆ ಏನಾದರೂ ಆಗಲೆಂದು ನಾನು ಮೊದಲ ಬಸ್ಸು ಹಿಡಿದು ರುಮಾಲಿನ ಗಂಟಿನೊಂದಿಗೆ ಶಿಗ್ಗಾಂವಿಗೆ ಓಡಿದ್ದೆ.

"ಯಾವಾಗ ಆರ್ತೈತಿ?" ಎಂದು ಅಕ್ಕ ಕೇಳಿದರು.

"ಅಮಾಸಿ ಆದ ಮ್ಯಾಲರಿ."

ಅವರು ನಗಲಿಲ್ಲ. "ಅಮಾಸಿಗೆ ಚಂದ್ರ ಇರೂದಿಲ್ಲ, ಖರೆ. ಸೂರ್ಯಾಗೇನಾಗ್ತೈತ್ರಿ? ನಡೀರಿ, ಏರಿ ನೋಡೂಣು" ಎಂದು ಕರೆಂಟ್ ಅಳೆಯುವ ಮೀಟರನ್ನು ಚೀಲಕ್ಕೆ ಹಾಕಿಕೊಂಡು ನನ್ನ ಜೊತೆಗೇ ಬಸ್ಸು ಹತ್ತಿದರು.

ಶಾಲೆ ಮುಟ್ಟಿದವರೇ ಸೆರಗು ಸಿಕ್ಕಿಸಿ ಸರಸರ ಏಣಿ ಏರಿದರು. ನಾನು ಹಿಂದೆ. ಪ್ಲೇಟಿನ ಮೇಲೆ ಅಡ್ಡಲಾಗಿ ಚೆಂಡು ಹೂವಿನ ದಪ್ಪ ಮಾಲೆ, ಅದರ ಕೆಳಗೆ ಬೆರಳಗಲದ ಮೂರು ವಿಭೂತಿ ಗೆರೆ, ನಡುವೆ ಕುಂಕುಮ. ಅಕ್ಕ ಪ್ಲೇಟನ್ನು ನೋಡಿದರು, ಆಮೇಲೆ ನನ್ನ ಹಣೆಯನ್ನು ನೋಡಿದರು. ಅಲ್ಲೂ ಮೂರು ಗೆರೆ, ಎರಡು ಕಡೆಯೂ ನಡುವಿನದು ಸ್ವಲ್ಪ ದಪ್ಪ. ಅಷ್ಟೇ, ಮಾಳಿಗೆಯ ಕಟ್ಟೆಯ ಮೇಲೆ ಕುಕ್ಕರಿಸಿ, ಕಣ್ಣಲ್ಲಿ ನೀರು ಬರುವ ತನಕ ನಕ್ಕರು. "ಎರಡೂ ಒಂದ ಕೈಯಾಗಿನವು" ಎಂದರು.

ಆಮೇಲೆ ಮೀಟರ್ ಹಚ್ಚಿ ನನಗೆ ಅಂಕಿ ಓದಲು ಹೇಳಿದರು. ಮಾಲೆ ತೆಗೆದರು, ಅಂಕಿ ಏರಿತು. ಸೆರಗಿನ ತುದಿಯನ್ನು ನೀರಲ್ಲಿ ಅದ್ದಿ ವಿಭೂತಿ ಒರೆಸಿದರು, ಇನ್ನಷ್ಟು ಏರಿತು. "ಈ ಚೌಕ ಮನಿಗಳೆಲ್ಲ ಒಂದಕ್ಕೊಂದು ಕೈ ಹಿಡದು ನಿಂತಾವರಿ. ಒಂದರ ಮಾರಿ ಮುಚ್ಚಿದ್ರ ಸಾಲೆಲ್ಲ ಸೊರಗತೈತಿ." ಹೂ ಒಣಗಿ ಉದುರಿ, ಗಾಳಿ ಇಬ್ಬನಿಗೆ ವಿಭೂತಿ ಹೋದ ಮೇಲೆ ಬ್ಯಾಟರಿ ತುಂಬುತ್ತಿತ್ತು. ಮುಂದಿನ ಅಮಾವಾಸ್ಯೆಗೆ ನಾನು ಮತ್ತೆ ಏಣಿ ಏರುತ್ತಿದ್ದೆ. ಇಪ್ಪತ್ತು ವರ್ಷದಿಂದ ಬೆಳಕಿನ ಪಾಠ ಹೇಳುತ್ತಿದ್ದವನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಅಷ್ಟರಲ್ಲಿ ಕೆಳಗಿನಿಂದ ಹೆಡ್‌ಮಾಸ್ತರರ ದನಿ. "ಏನಾಗಿತ್ತವಾ?"

ಅಕ್ಕ ಹೂಮಾಲೆಯನ್ನು ಮೀಟರಿನ ಚೀಲಕ್ಕೆ ತುರುಕಿದರು. "ಏನಿಲ್ಲರಿ ಸರ, ಒಂದು ವೈರ್ ಸಡ್ಲಾಗಿತ್ತು. ಇನ್ನ ಆರೂದಿಲ್ಲ."

ಸಂಜೆ ಬಸ್ಸಿಗೆ ಬಿಡಲು ಹೋದಾಗ ಅವರ ಮಾತು ಬೇರೆಯಾಯಿತು. "ಪೂಜಾ ಬಿಡ್ರಿ ಅನ್ನೂದಿಲ್ಲ. ಪ್ಲೇಟ್ ನಿಂತ ಕಂಬಕ್ಕ ಮಾಡ್ರಿ, ಪ್ಲೇಟಿಗೆ ಬರೇ ನೀರು ಹಾಕಿ ಒರಸ್ರಿ. ಮೋಡದ ದಿನಾನೂ ಬರ್ತಾವು. ಉಣ್ಣೋರ ಮುಂದಿನ ತಾಟು ಕಸಗೊಂಡಂಗ ಕರೆಂಟ್ ಕಡೀಬಾರದು. ಬ್ಯಾಟರಿ ದಣಿದ್ರ ಮಿಷಿನ್‌ಗೆ ಮೊದಲ ಹೇಳಿ, ಬರದದ್ದು ಇಟ್ಕೊಂಡು ತಾನ ಮಲಗೂ ಹಂಗ ಮಾಡ್ರಿ. ಬ್ಯಾಟರಿ ಚಲೋತ್ನಂಗ ತುಂಬೂ ತನಕ ಎಬ್ಬಸಬ್ಯಾಡ್ರಿ, ಜ್ವರ ಬಿಟ್ಟ ಮರುದಿನನ ಹೊಲಕ್ಕ ಕಳಿಸಿದಂಗ ಆಗ್ತೈತಿ." ಬಸ್ಸಿನ ಮೆಟ್ಟಿಲ ಮೇಲೆ ನಿಂತು ಇನ್ನೊಂದು ಮಾತು ಸೇರಿಸಿದರು. "ನಿಮ್ಮ ಹೆಡ್‌ಮಾಸ್ತರಿಗೆ ನಾ ಸುಳ್ಳ ಹೇಳೇನಿ. ಹುಡುಗರಿಗೆ ನೀವು ಖರೇ ಹೇಳ್ರಿ."

ಪೂಜೆಯನ್ನು ಕಂಬಕ್ಕೆ ಇಳಿಸಿದೆ, ಬ್ಯಾಟರಿ ತುಂಬುವ ತನಕ ಕರೆಂಟ್ ತಡೆಯಲು ಅವರು ಕೊಟ್ಟ ಪುಟ್ಟ ರಿಲೇ ಜೋಡಿಸಿದೆ, ಬ್ಯಾಟರಿ ಇಳಿದಾಗ ತಾನೇ ಮಲಗುವ ಪ್ರೋಗ್ರಾಮ್ ಬರೆದೆ. ಆಷಾಢದ ಮೋಡಕ್ಕೂ ಒಂದು ಅಕ್ಷರ ಹೋಗಲಿಲ್ಲ. ಆದರೆ ಹುಡುಗರಿಗೆ ಖರೇ ಹೇಳುವುದು ಮಾತ್ರ ಉಳಿದೇ ಹೋಯಿತು. ಅಂಗಡಿಗೆ ಹೋದಾಗಲೆಲ್ಲ ಅಕ್ಕ, "ಹೇಳಿದ್ರೇನು?" ಎನ್ನುವರು. ನಾನು ಪರೀಕ್ಷೆ, ತಪಾಸಣೆ ಎಂದು ಏನೋ ಹೇಳಿ ಜಾರಿಕೊಳ್ಳುತ್ತಿದ್ದೆ.

ಒಂದು ಮಧ್ಯಾಹ್ನ ಕ್ಲಾಸಿಗೆ ಹೋದರೆ ಟೀವಿ ಆರಿತ್ತು. ಒಂಬತ್ತನೆಯ ತರಗತಿಯ ಹುಡುಗಿಯರು ಹೊಲದ ಹೆಸರುಗಳನ್ನು ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದರು. ಕೆಟ್ಟಿದೆಯೇ ಎಂದೆ. "ಇಲ್ಲರಿ ಸರ್, ನಾವ ಬಂದ್ ಮಾಡೇವಿ. ಇವತ್ತ ಅಮಾಸಿ ಐತಲ್ಲರಿ" ಎಂದಳು ಒಬ್ಬಳು. ಅವಳು ತರಗತಿಗೇ ಜಾಣೆ. ನನ್ನ ಬೆರಳಿನ ಮೂರು ಗೆರೆ ಎಲ್ಲಿಗೆ ಹೋಗಿ ಮುಟ್ಟಿವೆ ಎಂದು ಆಗ ತಿಳಿಯಿತು.

ಎಲ್ಲರನ್ನೂ ಮಾಳಿಗೆಗೆ ಕರೆದೊಯ್ದೆ. ಅವಳ ಕೈಗೇ ಶಾಲೆಯ ಮೀಟರ್ ಕೊಟ್ಟು, ಪ್ಲೇಟಿನ ಮೇಲೆ ವಿಭೂತಿ ಎಳೆದು ಹೂಮಾಲೆ ಹಾಕಿದೆ. ಅಂಕಿ ಇಳಿದದ್ದನ್ನು ಅವಳು ಗಟ್ಟಿಯಾಗಿ ಓದಿದಳು. ತೆಗೆದು ಒರೆಸಿದೆ. ಏರಿದ್ದನ್ನೂ ಓದಿದಳು. "ಇಷ್ಟು ದಿನ ನಿಮ್ಮ ಬರಹ ಕೆಡಿಸಿದ್ದು ಅಮಾಸಿ ಅಲ್ಲ, ನಾನು" ಎಂದೆ. ಎಲ್ಲರೂ ಒರೆಸಿದ ಪ್ಲೇಟನ್ನೂ ನನ್ನ ಹಣೆಯನ್ನೂ ನೋಡಿದರು. ಆಮೇಲೆ ಮಾಳಿಗೆಯೇ ನಡುಗುವಂತೆ ನಕ್ಕರು. ಏಣಿಯ ಬುಡದಲ್ಲಿ ಹೆಡ್‌ಮಾಸ್ತರರೂ ನಗುತ್ತಿದ್ದರು. ಮಕ್ಕಳು ಕೆಳಗಿಳಿದು ಕಂಪ್ಯೂಟರ್ ಹಚ್ಚಿ, ನೋಟ್‌ಬುಕ್ಕಿನಲ್ಲಿದ್ದುದನ್ನು ಟೈಪ್ ಮಾಡಲು ಕೂತರು.

ನಾನು ತಪ್ಪಿದೆ ಎಂದು ಹುಡುಗರ ಮುಂದೆ ನಿಂತು ಹೇಳುವುದನ್ನು ನನಗೆ ಯಾವ ತರಬೇತಿಯೂ ಕಲಿಸಿರಲಿಲ್ಲ. ಅದನ್ನು ಕಲಿಸಿದ ಆ ಹೆಣ್ಣುಮಗಳ ಋಣ ನನ್ನ ಮೇಲಿದೆ. ಅವತ್ತೇ ಅಕ್ಕನಿಗೆ ಫೋನ್ ಮಾಡಿ ಹೇಳಿದೆ.

"ನಕ್ಕರೇನು?" ಎಂದರು.

"ಬಿದ್ದು ಬಿದ್ದು ನಕ್ಕರ್ರಿ ಅಕ್ಕಾರ."

"ಹಂಗಾರ ನಿಮ್ಮ ಮಿಷಿನ್ ಇವತ್ತ ರಿಪೇರಿ ಆತು ನೋಡ್ರಿ ಮಾಸ್ತರ್ರ."