ಬಸ್‌ಸ್ಟ್ಯಾಂಡ್ ದಾರಿಯ ಪ್ರಶ್ನೆಗಳು

ಬಸವಕಲ್ಯಾಣದ ಟೇಲರ್ ಮಾಣಿಕಪ್ಪನವರು ಓದಿದ್ದು ಉರ್ದು ಶಾಲೆಯಲ್ಲಿ. ೧೯೫೬ರಲ್ಲಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಹಳೆಯ ಪತ್ರಿಕೆಗಳನ್ನು ಗುಡ್ಡೆಹಾಕಿಕೊಂಡು ಕನ್ನಡ ಓದಲು ಕಲಿತರು. ರಾಕೆಟ್ಟು, ಅಣು, ಹೊಸ ಬೀಜ ಇಂಥ ಸುದ್ದಿ ಕಂಡರೆ ಹೊಲಿಗೆ ಯಂತ್ರ ನಿಂತುಬಿಡುತ್ತಿತ್ತು.

"ಮಂದಿ ಜಂಪರ್ ಕೇಳಾಕತ್ತಾರ, ನೀವು ಚಂದ್ರನ ಅಳತಿ ತಗೋಳಾಕತ್ತೀರಿ," ಎಂದು ಹೆಂಡತಿ ಸುಂದರಬಾಯಿ ಚುಚ್ಚುತ್ತಿದ್ದರು.

೧೯೭೪ರಲ್ಲಿ ಅವರು ತಿಂಗಳಿಗೊಂದು ವಿಜ್ಞಾನ ಉಪನ್ಯಾಸ ಶುರುಮಾಡಿದರು. ಹೈದರಾಬಾದಿನಿಂದ ಸಂಶೋಧಕರನ್ನು ಕಳಿಸುತ್ತಿದ್ದವರು ದಿಲ್ಶಾದ್ ಬೇಗಂ; ಅಂತರ್ಜಲದ ವಿಜ್ಞಾನಿ, ಗುಲ್ಬರ್ಗದಲ್ಲಿ ಬೆಳೆದವರು. ಮೊದಲ ಇಬ್ಬರು ಅತಿಥಿಗಳು ಬೇಸರದಿಂದ ಮರಳಿದರು. ಸಭೆ ತುಂಬಿತ್ತು, ಆದರೆ ಒಬ್ಬರೂ ಪ್ರಶ್ನೆ ಕೇಳಲಿಲ್ಲ. ಸಾಲಾಗಿ ಬಂದು ಕಾಲಿಗೆ ನಮಸ್ಕರಿಸಿ ಹೋದರು.

ಮೂರನೆಯ ಸಲ ಬೇಗಂ ತಾವೇ ಬಂದರು.

"ಮಾಣಿಕಪ್ಪ ಸಾಬ್, ಇವತ್ತೂ ಯಾರೂ ಬಾಯಿ ತೆಗೀಲಿಲ್ಲಂದ್ರ ಇಲ್ಲಿಗೇ ಮುಗಿಸೋಣು. ಕೇಳೋ ಆಸೆ ಇಲ್ಲದವರಿಗೆ ಎಷ್ಟಂತ ಹೇಳೋದು?"

ನೆಲದೊಳಗಿನ ನೀರಿನ ಬಗ್ಗೆ ಅವರು ಸೊಗಸಾಗಿ ಮಾತನಾಡಿದರು. ಕೊನೆಗೆ ಪ್ರಶ್ನೆ ಕೇಳಿ ಎಂದರು. ಪ್ರವಚನಕ್ಕೆ ಬಂದವರಂತೆ ಸಭೆ ಕೈಕಟ್ಟಿ ಕೂತಿತ್ತು. ಮುಡಬಿಯ ರೈತ ನರಸಿಂಗ ಎದ್ದಾಗ ಮಾಣಿಕಪ್ಪನವರಿಗೆ ಜೀವ ಬಂದಂತಾಯಿತು. ನರಸಿಂಗ ಹೂವಿನ ಹಾರ ಹಾಕಿ ಮತ್ತೆ ಕೂತ.

ಹೈದರಾಬಾದ್ ಬಸ್ಸು ಹಿಡಿಯಲು ಅತಿಥಿಗಳನ್ನು ಸಭೆಯ ಬಾಗಿಲಿನಿಂದಲೇ ಗುತ್ತೇದಾರರೊಬ್ಬರ ಜೀಪಿನಲ್ಲಿ ಹುಮನಾಬಾದಿಗೆ ಕಳಿಸುವುದು ವಾಡಿಕೆ. ಅಂದು ಜೀಪು ಮದುವೆಗೆ ಹೋಗಿತ್ತು. ಮಾಣಿಕಪ್ಪ ನಾಚುತ್ತ, ಬಸ್‌ಸ್ಟ್ಯಾಂಡಿಗೆ ನಡೆಯಬೇಕು ಎಂದರು. ಅತಿಥಿಯನ್ನು ಬಸ್ಸು ಹತ್ತಿಸದೆ ತಿರುಗುವ ಪದ್ಧತಿ ಈ ಕಡೆ ಇಲ್ಲ. ಸಭೆಗೆ ಸಭೆಯೇ ಹಿಂದೆ ಹೊರಟಿತು.

ಓಣಿ ದಾಟುತ್ತಲೇ ನರಸಿಂಗ ಪಕ್ಕಕ್ಕೆ ಬಂದ.

"ಬಾಯಾರ, ಅಂಗೈಯಾಗ ತೆಂಗಿನಕಾಯಿ ಇಟ್ಕೊಂಡು ನೆಲದಾಗಿನ ನೀರು ತೋರಸ್ತಾರಲ್ರಿ, ಅದು ಖರೇ ಏನ್ರಿ?"

ಬೇಗಂ ನಿಂತುಬಿಟ್ಟರು. "ಒಳಗ ಯಾಕ ಕೇಳಲಿಲ್ಲಪಾ?"

"ಮ್ಯಾಲ ಕೂತು ಹೇಳೋರಿಗೆ ಸವಾಲ್ ಹಾಕಿದ್ರ ಬೇಅದಬಿ, ಮರ್ಯಾದಿ ಕೆಟ್ಟಂಗ ಆಗ್ತದರಿ. ಜೋಡಿ ನಡಿಯೋವಾಗ ಕೇಳಬಹುದು."

ಬೇಗಂ ನಕ್ಕರು. "ಕೈ ಅಲುಗಿದ್ರ ಕಾಯಿ ಏಳ್ತದ. ನೀರು ಬಿದ್ದ ಬಾವಿ ಮಂದಿ ನೆನಪಿಡ್ತಾರ, ಒಣ ಬಾವಿ ಮುಚ್ಚಿ ಮರೀತಾರ."

"ಕೇಳ್ಕೊ ನರಸಿಂಗ," ಮಂಠಾಳದ ಸರುಬಾಯಿ ಕೂಗಿದಳು, "ಕಾಯಿ ಹಿಡಿಯೋನು ನಿಮ್ಮ ಮಾವನೇ!"

"ಮುಚ್ಚಿದ ಬಾವಿ ನಂದೇ ಬೇ!" ಎಂದ ನರಸಿಂಗ. ಇಡೀ ರಸ್ತೆ ನಕ್ಕಿತು. ಸರುಬಾಯಿ ಸುಮ್ಮನಾಗಲಿಲ್ಲ. "ಮಗ್ಗಲಿನವರು ಆಳ ತೋಡಿದ್ರು, ನನ್ನ ಬಾವಿ ನೀರು ಯಾಕ ಇಳೀತ್ರಿ?" ಬೇಗಂ ಕೊಡೆಯ ತುದಿಯಿಂದ ಧೂಳಿನಲ್ಲಿ ಎರಡು ಬಾವಿ ಬರೆದು, ಒಂದರ ನೀರು ಇನ್ನೊಂದರತ್ತ ಸರಿಯುವುದನ್ನು ತೋರಿಸಿದರು. ಮರ್ಯಾದೆಗೆಂದು ತಾವು ತರಿಸುತ್ತಿದ್ದ ಜೀಪೇ ಊರಿನ ಬಾಯಿ ಕಟ್ಟಿತ್ತೆಂದು ಮಾಣಿಕಪ್ಪನವರಿಗೆ ಆಗ ಹೊಳೆಯಿತು.

ಬಸ್‌ಸ್ಟ್ಯಾಂಡ್ ಬಂತು, ಕಂಡಕ್ಟರ್ ಸೀಟಿ ಊದಿದ. ಯಾರೂ ಕದಲಲಿಲ್ಲ. ಕೊನೆಗೆ ಅವನೇ ಹತ್ತಿರ ಬಂದ: "ಬಾಯಾರ, ಹತ್ತರಿ. ಉಳಿದದ್ದು ಬಸ್ಸಿನಾಗ ಕೇಳ್ತಾರ. ನಂದೂ ಒಂದದ, ನಮ್ಮ ಚಿಟಗುಪ್ಪದ ಬಾವಿ ನೀರು ಯಾಕ ಸವಳು?"

ಮಾಣಿಕಪ್ಪ, ಸರುಬಾಯಿ ಸೇರಿ ಕೆಲವರು ಕೇಳಿ ಮುಗಿಸಲೆಂದೇ ಟಿಕೆಟ್ ತೆಗೆದುಕೊಂಡು ಹುಮನಾಬಾದಿನವರೆಗೆ ಹೋದರು. ಅಲ್ಲಿ ಹೈದರಾಬಾದ್ ಬಸ್ಸಿನ ಮೆಟ್ಟಿಲ ಮೇಲೆ ನಿಂತು ಬೇಗಂ ಹೇಳಿದರು: "ಮುಂದಿನ ತಿಂಗಳು ಜೋಳದ ತಳಿ ಸಂಶೋಧನೆ ಮಾಡೋರನ್ನ ಕಳಸ್ತೀನಿ."

ಮಾಣಿಕಪ್ಪ ಬಾಯಿ ತೆರೆಯುವ ಮೊದಲೇ ಸರುಬಾಯಿ ಎಂದಳು: "ಕಳಸರಿ. ಊಟ ನಮ್ಮ ಮನ್ಯಾಗ. ಮೊದಲಿಗೆ ರೊಟ್ಟಿ ತಿನಸ್ತೀವಿ, ಆಮ್ಯಾಲ ಸವಾಲ್ ಕೇಳದ ಬಿಡೋದಿಲ್ಲ."